ಕಟ್ಟೆಯಿಲ್ಲದ ಕೋರ್ಟಿನಲ್ಲಿ

ಶಹಾಬಾದಿನ ನಮ್ಮ ಮನೆಯ ಎದುರಿಗೆ ಒಬ್ಬ ಪೊಲೀಸ್ ಪೇದೆಯ ಸಂಸಾರವಿದೆ. ಇವತ್ತು ಬೆಳಿಗ್ಗೆ ಅವರ ಹಗ್ಗದ ಮೇಲೆ ಒಂದು ಖಾಕಿ ಅಂಗಿ, ಅದಕ್ಕೆ ಒತ್ತಿಕೊಂಡು ಒಂದು ಹೂಹೂವಿನ ಅಂಗಿ ಒಣಗುತ್ತಿದ್ದವು. ಚಹಾದ ಕಪ್ಪು ಹಿಡಿದು ನಿಂತಿದ್ದ ನನಗೆ ನಗು ತಡೆಯಲಾಗಲಿಲ್ಲ. ಬಾಲ ನ್ಯಾಯ ಮಂಡಳಿಯ ಮುಂದೆ ಮಕ್ಕಳನ್ನು ಕರೆತರುವ ಪೊಲೀಸರು ಸಮವಸ್ತ್ರ ಹಾಕುವಂತಿಲ್ಲ. ಅದಕ್ಕೇ ನಮ್ಮ ಕಡೆಯ ಪೇದೆಗಳು ಮದುವೆ ಮುಂಜಿವೆಗೆಂದು ತೆಗೆದಿಟ್ಟ ಅಂಗಿಗಳನ್ನು ತೊಟ್ಟು ಬರುತ್ತಿದ್ದರು. ಮೇಲೆ ಹೂವಿನ ಅಂಗಿ, ಕಾಲಲ್ಲಿ ಮಾತ್ರ ಅದೇ ಇಲಾಖೆಯ ಬೂಟು.

ನಾನು ಆ ಮಂಡಳಿಯ ಸದಸ್ಯೆಯಾಗಿದ್ದೆ. ಇದನ್ನು ಹೇಳುವಾಗ ಕತ್ತು ತಾನಾಗಿಯೇ ಸ್ವಲ್ಪ ನೆಟ್ಟಗಾಗುತ್ತದೆ, ಸಹಿಸಿಕೊಳ್ಳಿ. ಶಾಲೆಯಲ್ಲಿ ಪಾಠ ಮಾಡಿಕೊಂಡು, ಶಾಲೆ ಬಿಟ್ಟ ಮಕ್ಕಳ ಮನೆಮನೆ ತಿರುಗುತ್ತಿದ್ದವಳು ನಾನು. ಒಂದು ದಿನ ನನ್ನನ್ನು ಕಲಬುರಗಿಗೆ ಕರೆದು ಮ್ಯಾಜಿಸ್ಟ್ರೇಟರ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಅಲ್ಲಿ ನ್ಯಾಯಾಧೀಶರೊಬ್ಬರೇ ಇರುವುದಿಲ್ಲ. ಅವರ ಜೊತೆಗೆ ಸಮಾಜದಿಂದ ಬಂದ ಇಬ್ಬರು ಸದಸ್ಯರು, ಅವರಲ್ಲಿ ಒಬ್ಬಳು ಹೆಣ್ಣು ಇರಲೇಬೇಕು. ಹೆಣ್ಣು ನಾನು. ಇನ್ನೊಬ್ಬರು ಸೇಡಂನ ವೀರಭದ್ರಪ್ಪನವರು, ಹಾಸ್ಟೆಲ್ ವಾರ್ಡನ್ ಆಗಿ ನಿವೃತ್ತರಾದವರು. ಊರ ತುಂಬ ಅವರ ಕೈಯಲ್ಲಿ ಬೆಳೆದ ಹುಡುಗರು.

ಮೊದಲ ದಿನವೇ ನಾನೊಂದು ಘನಕಾರ್ಯ ಮಾಡಿದೆ. ಕೋರ್ಟು ಎಂದರೆ ಎತ್ತರದ ಕಟ್ಟೆ, ಕರಿಕೋಟು, ಕಟಕಟೆ ಎಂದುಕೊಂಡು ಹೋದವಳಿಗೆ ಸಿಕ್ಕಿದ್ದು ಒಂದು ಸಾದಾ ಕೋಣೆ, ಒಂದು ಮೇಜು, ಸುತ್ತ ಕುರ್ಚಿಗಳು. ಅರ್ಧ ತೋಳಿನ ಅಂಗಿಯವರೊಬ್ಬರು ಕಿಟಕಿ ತೆಗೆಯುತ್ತಿದ್ದರು. ಆ ಫ್ಯಾನ್ ಸ್ವಲ್ಪ ಹಾಕಿರಿ, ಸಾಹೇಬರು ಬರುವ ಹೊತ್ತಾಯಿತು ಎಂದೆ. ಅವರು ಫ್ಯಾನ್ ಹಾಕಿ, ಬಂದು ನಡುವಿನ ಕುರ್ಚಿಯಲ್ಲಿ ಕುಳಿತರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಹಳೆ ಮೈಸೂರಿನ ಕಡೆಯವರು, ನಮ್ಮ 'ರೀ'ಯನ್ನು ಕಷ್ಟಪಟ್ಟು ಕಲಿಯುತ್ತಿದ್ದರು. ಆ ದಿನ ನಗುತ್ತಲೇ ನಮಗಿಬ್ಬರಿಗೂ ಕಾನೂನಿನ ಒಂದು ಮಾತು ತಿಳಿಸಿದರು. ಇಲ್ಲಿ ಬಹುಮತದ ತೀರ್ಮಾನ ನಡೆಯುತ್ತದೆ, ನೀವಿಬ್ಬರೂ ಒಂದಾದರೆ ನನ್ನ ಮಾತು ನಿಲ್ಲುವುದಿಲ್ಲ ಎಂದರು. ನಾವು ಸೌಜನ್ಯಕ್ಕೆ ನಕ್ಕೆವು. ಮ್ಯಾಜಿಸ್ಟ್ರೇಟರ ಮಾತನ್ನು ನಾವು ಮೀರುವುದೆಂದರೇನು?

ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ, ಎಲ್ಲ ಕಡೆಯಿಂದಲೂ ಮಕ್ಕಳು ಬರುತ್ತಿದ್ದರು. ಅವರನ್ನು ಕಳ್ಳ, ಆರೋಪಿ ಎನ್ನುವಂತಿಲ್ಲ. ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು ಎನ್ನಬೇಕು. ಅದನ್ನು ಪೂರ್ತಿ ಹೇಳುವಷ್ಟರಲ್ಲಿ ವೀರಭದ್ರಪ್ಪನವರಿಗೆ ಉಸಿರು ಕಟ್ಟುತ್ತಿತ್ತು, ಅವರು ಸುಮ್ಮನೆ 'ನಮ್ಮ ಹುಡುಗ' ಎಂದುಬಿಡುತ್ತಿದ್ದರು. ಮಕ್ಕಳ ಹೆಸರನ್ನಾಗಲಿ ಗುರುತನ್ನಾಗಲಿ ಎಲ್ಲಿಯೂ ಹೇಳುವಂತಿಲ್ಲ. ಆದ್ದರಿಂದ ಮುಂದೆ ಬರುವ ಊರುಗಳನ್ನು ನಾನು ಬದಲಿಸಿದ್ದೇನೆ. ಹುಡುಕಲು ಹೋಗಬೇಡಿ, ಸಿಗುವುದಿಲ್ಲ.

ಹೀಗೆ ಬಂದವರಲ್ಲಿ ಒಬ್ಬ ಹುಡುಗ ವಾಡಿಯವನು, ಹುಬ್ಬಿನ ಮೇಲೊಂದು ಗಾಯದ ಕಲೆ. ತಾಯಿಯಿಲ್ಲ, ತಂದೆ ಲಾರಿಯ ಮೇಲೆ ಊರೂರು ತಿರುಗುವವನು. ಪಕ್ಕದ ಓಣಿಯ ಇಬ್ಬರು ದೊಡ್ಡವರ ಜೊತೆ ಸೇರಿ ಮೋಟರ್ ಸೈಕಲ್ ಕದ್ದಿದ್ದ. ಹುಡುಗ ಸಿಕ್ಕಿದ, ಅವರಿಬ್ಬರೂ ಪರಾರಿ. ಅವನನ್ನು ಬಿಟ್ಟರೆ ಮತ್ತೆ ಅವರ ಕೈಗೇ ಬೀಳುತ್ತಾನೆ ಎಂಬುದು ಮ್ಯಾಜಿಸ್ಟ್ರೇಟರ ಭಯ. ಭಯ ಸುಳ್ಳಲ್ಲ. ಮಂಡಳಿ ತೀರ್ಮಾನಿಸಬೇಕಾಗಿದ್ದು ಇಷ್ಟೇ: ಹುಡುಗ ಇಂಥ ಮಕ್ಕಳನ್ನು ಇಟ್ಟುಕೊಳ್ಳುವ ಸರಕಾರಿ ವೀಕ್ಷಣಾಲಯದಲ್ಲಿ ಉಳಿಯಬೇಕೋ, ಮನೆಗೆ ಹೋಗಬೇಕೋ.

ಪ್ರೊಬೇಷನ್ ಅಧಿಕಾರಿ ಅವನ ಬಳಗವನ್ನೆಲ್ಲ ವಿಚಾರಿಸಿದ್ದರು. ಬಂದವಳು ಒಬ್ಬಳೇ, ಐನಾಪುರದ ಸೋದರತ್ತೆ. ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ಕುರ್ಚಿಯ ತುದಿಯಲ್ಲಿ ಕುಳಿತಳು. ಮೊದಲು ಹುಡುಗನಿಗೆ ನಮ್ಮೆದುರಿಗೇ ಬೈದಳು, ಮಾಡಿದ್ದು ತಪ್ಪೆಂದು ಅವನ ಬಾಯಿಂದಲೇ ಹೇಳಿಸಿದಳು. ಆ ಇಬ್ಬರು ನಿಮ್ಮೂರಿಗೇ ಹುಡುಕಿಕೊಂಡು ಬಂದರೆ ಏನು ಮಾಡುತ್ತೀರಿ ಎಂದು ಮ್ಯಾಜಿಸ್ಟ್ರೇಟರು ಕೇಳಿದರು.

"ನಮ್ಮೂರಾಗ ಬಸ್ಸಿನಾಗಿಂದ ಯಾರ ಇಳದ್ರೂ ಯಾರ ಮನಿಗಿ ಬಂದೀರಿ ಅಂತ ಹತ್ತ ಮಂದಿ ಕೇಳ್ತಾರ್ರಿ," ಎಂದಳು. "ಸಾಲಿ ಹೆಡ್ ಮಾಸ್ತರಿಗಿ ಕೇಳಿ ಬಂದೀನಿ. ಹತ್ತನೇ ಕ್ಲಾಸಿಗಿ ಹಚ್ಕೋತೀನಿ ಅಂದಾರ. ಇವ ಭಾಳ ಸಣ್ಣಾಂವ ಇದ್ದಾಗ ಎತ್ತಿ ಆಡ್ಸೀನ್ರಿ. ಈಗ ಬಿಡು ಅಂದ್ರ ಹ್ಯಾಂಗ ಬಿಡ್ಲಿ?"

ಅತ್ತೆ, ಹುಡುಗ ಇಬ್ಬರನ್ನೂ ಪಡಸಾಲೆಗೆ ಕಳಿಸಿ ನಾವು ಮಾತಿಗೆ ಕುಳಿತೆವು. ಮೋಟರ್ ಸೈಕಲ್ ಬಲ್ಲ ಹುಡುಗನಿಗೆ ಐನಾಪುರದಿಂದ ವಾಡಿ ಎಷ್ಟು ದೂರ, ಆ ಇಬ್ಬರು ಸಿಗುವ ತನಕ ವೀಕ್ಷಣಾಲಯದಲ್ಲಿರಲಿ ಎಂದರು ಮ್ಯಾಜಿಸ್ಟ್ರೇಟರು. ಆ ತನಕ ಎಂದರೆ ಎಷ್ಟು ದಿನ, ಈ ವರ್ಷದ ಶಾಲೆ ತಪ್ಪಿದರೆ ಮತ್ತೆ ಹೋಗುತ್ತಾನೆಯೇ ಎಂದೆ ನಾನು. ವೀರಭದ್ರಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಾಹೇಬ್ರ, ತಪ್ಪು ತಿಳ್ಕೋಬ್ಯಾಡ್ರಿ. ಕರದದ್ದಕ್ಕ ಬಂದಾಕಿ ಒಬ್ಬಾಕಿ ಅದಾಳ. ಆಕಿ ಕೈಯಾಗ ಕೊಡೋದ ಖರೇ ಅಂತೀನಿ ನಾ."

ನನ್ನದೂ ಅದೇ ಮಾತು ಎಂದೆ. ದನಿ ನಡುಗಿತು, ಮಾತು ನಡುಗಲಿಲ್ಲ.

ಮ್ಯಾಜಿಸ್ಟ್ರೇಟರು ನಮ್ಮಿಬ್ಬರ ಮುಖವನ್ನೂ ನೋಡಿದರು. ಸಿಟ್ಟು ಮಾಡಲಿಲ್ಲ, ಇನ್ನೊಮ್ಮೆ ಯೋಚಿಸಿ ಎನ್ನಲೂ ಇಲ್ಲ. ಪೆನ್ನು ತೆಗೆದು, ತಮಗೆ ಒಪ್ಪಿಗೆಯಿಲ್ಲದ ಆದೇಶವನ್ನು ತಮ್ಮ ಕೈಯಿಂದಲೇ ಬರೆದರು: ಹುಡುಗ ಅತ್ತೆಯ ಸುಪರ್ದಿಗೆ, ಪ್ರೊಬೇಷನ್ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ. ಅಕ್ಷರ ಎಂದಿನಷ್ಟೇ ದುಂಡಗಿತ್ತು. ನಮ್ಮ ಕಲಬುರಗಿಯ ಒಂದು ಸಾದಾ ಕೋಣೆಯಲ್ಲಿ, ಇಬ್ಬರು ಮೇಷ್ಟರಂಥವರ ಮಾತಿಗೆ ನ್ಯಾಯಾಧೀಶರು ತಲೆಬಾಗುವುದನ್ನು ಕಣ್ಣಾರೆ ಕಂಡವಳು ನಾನು. ಇಂಥ ಏರ್ಪಾಡು ನಮ್ಮದು ಎಂದು ಅವತ್ತು ಪಟ್ಟ ಹೆಮ್ಮೆಯನ್ನು ಮತ್ಯಾವುದಕ್ಕೂ ಪಟ್ಟಿಲ್ಲ.

ಒಳಗೆ ಕರೆದಾಗ ಆ ಹೆಣ್ಣುಮಗಳು ನಮ್ಮ ಮೂವರನ್ನೂ ನೋಡಿ, ಬಾಗಿಲ ಕಡೆಗೂ ನೋಡಿದಳು. ಹೊತ್ತಾಯಿತೆಂಬ ಚಿಂತೆ ಅವಳಿಗೆ.

"ಸಾಹೇಬ್ರು ಯಾವಾಗ ಬರ್ತಾರ್ರಿ? ಮುಂದ ನಮಗ ಬಸ್ ಸಿಗಂಗಿಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಮ್ಯಾಜಿಸ್ಟ್ರೇಟರೇ ಎದ್ದು ನಿಂತರು. "ಸಾಹೇಬ್ರು ಬಂದು ಹೋದ್ರವ್ವಾ," ಎಂದರು. "ಹುಡುಗನ್ನ ಕರ್ಕೊಂಡು ಹೋಗ್ರಿ ಅಂದಾರ."

ನನ್ನ ಅವಧಿ ಮುಗಿದು ಎಷ್ಟೋ ಕಾಲವಾಯಿತು. ಹೋದ ತಿಂಗಳು ಸೇಡಂನಲ್ಲಿ ವೀರಭದ್ರಪ್ಪನವರ ಮರಿಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದೆ. ಮೈಕಿನ ವೈರು ಜೋಡಿಸುತ್ತಿದ್ದ ಯುವಕ ತಲೆಯೆತ್ತಿದ, ಹುಬ್ಬಿನ ಮೇಲಿನ ಗಾಯದ ಕಲೆಯಿಂದ ಗುರುತು ಹಿಡಿದೆ. ಅವನೂ ಹಿಡಿದ. ಮನೆಯ ಅಳಿಯ ನನ್ನನ್ನು ತೋರಿಸಿ, ಇವರು ಮಕ್ಕಳ ಕೋರ್ಟಿನಲ್ಲಿ ಇದ್ದವರು ಎಂದು ಅವನಿಗೆ ಪರಿಚಯಿಸಿದ. ಆಮೇಲೆ ನನ್ನ ಕಡೆ ತಿರುಗಿ, ಈ ಹುಡುಗ ನಿಮಗೆ ಗೊತ್ತೇನು ಎಂದ. ವೈರು ಹಿಡಿದ ಕೈ ನಿಂತೇಬಿಟ್ಟಿತು. ಪಕ್ಕದಲ್ಲಿದ್ದ ವೀರಭದ್ರಪ್ಪನವರು ಇದ್ದಕ್ಕಿದ್ದಂತೆ ತೊಟ್ಟಿಲಿನ ಹಗ್ಗ ಬಿಗಿಯಿದೆಯೇ ಎಂದು ಪರೀಕ್ಷಿಸತೊಡಗಿದರು.

"ಇಲ್ಲಪ್ಪ, ಇವತ್ತ ನೋಡ್ಲಿಕತ್ತೀನಿ," ಎಂದೆ. ಅವನ ಕಡೆ ತಿರುಗಿ, "ಯಾ ಊರಪ್ಪ ನಿಂದು?" ಎಂದು ಕೇಳಿದೆ.

ಅವನು ಎದ್ದು ನಿಂತು ತನ್ನ ಹೆಸರನ್ನು ಪೂರ್ತಿಯಾಗಿ ಹೇಳಿದ. ಆಮೇಲೆ, "ಐನಾಪುರದಾಂವ ರೀ," ಎಂದ.