ಕಾಂಪೌಂಡಿನೊಳಗಿನ ಪಿಸ್ತೂಲು

ಮುದುಕರ ಕಾಲಿನ ಹುಣ್ಣಿಗೆ ಬ್ಯಾಂಡೇಜ್ ಬದಲಿಸಲು ನೆಲದ ಮೇಲೆ ಕೂತಿದ್ದೆ. ಅವರು ಕುರ್ಚಿಯಲ್ಲಿ ಸ್ವಲ್ಪ ಹೊರಳಿದಾಗ ನಿಲುವಂಗಿಯ ಜೇಬು ಕುರ್ಚಿಯ ಮರದ ಕೈಗೆ ಬಡಿದು ಠಪ್ಪೆಂದಿತು. ಮೊಬೈಲ್ ಬಿದ್ದು ಒಡೆದರೆ ನನ್ನ ತಲೆಗೇ ಬರುತ್ತದೆಂದು, ತೆಗೆದಿಡಲು ಜೇಬಿಗೆ ಕೈ ಹಾಕಿದೆ. ಸಿಕ್ಕಿದ್ದು ಪಿಸ್ತೂಲಿನ ಹಿಡಿ. ಅವರು ನನ್ನ ಮಣಿಕಟ್ಟು ಹಿಡಿದು ಮೆಲ್ಲಗೆ ಪಕ್ಕಕ್ಕಿಟ್ಟರು. “ಕಾಲು ನೋಡು, ಸಿಸ್ಟರ್. ಕಾಲು ಮಾತ್ರ.”

ಅದು ಆ ಮನೆಯಲ್ಲಿ ನನ್ನ ಮೊದಲ ವಾರ. ವಯಸ್ಸಾದವರ ಮನೆಗಳಿಗೆ ನರ್ಸ್‌ಗಳನ್ನು ಕಳಿಸುವ ಒಂದು ಕಂಪನಿಯಲ್ಲಿ ನನಗೆ ಕೆಲಸ. ಬೆಳಿಗ್ಗೆ ನಾವಿರುವ ಅಬ್ಬಾಸಿಯಾದಿಂದ ಕಂಪನಿಯ ವ್ಯಾನು ಹತ್ತಿದರೆ ಸಂಜೆಯವರೆಗೆ ಇನ್ನೊಬ್ಬರ ಅಪ್ಪ ಅಮ್ಮಂದಿರ ಔಷಧಿ, ಊಟ, ಮುನಿಸು. ನಾನು ಬಾಬಾ ಎನ್ನುತ್ತಿದ್ದ ಈ ಮುದುಕರಿಗೆ ಸಕ್ಕರೆ ಕಾಯಿಲೆ, ಜೊತೆಗೆ ಮರೆವು ಶುರುವಾಗಿತ್ತು. ಹೆಂಡತಿ ತೀರಿಕೊಂಡ ಮೇಲೆ ಮಗಳೊಬ್ಬಳೇ ಜೊತೆಗಿದ್ದಳು. ಆಕೆ ಕಾಲೇಜಿನಲ್ಲಿ ಪಾಠ ಮಾಡುವವಳು.

ಪಿಸ್ತೂಲಿನ ಬಗ್ಗೆ ಕೇಳಿದಾಗ ಮಗಳು ಕೈ ಬೀಸಿದಳು. “ಇನ್ವೇಷನ್ ಸಮಯದ್ದು. ತೊಂಬತ್ತರಲ್ಲಿ ಇರಾಕಿನ ಸೈನ್ಯ ನಮ್ಮ ದೇಶಕ್ಕೆ ನುಗ್ಗಿದಾಗ ಅಪ್ಪ ಈ ಮನೆ ಬಿಟ್ಟು ಓಡಲಿಲ್ಲ. ಆಗ ಎಲ್ಲಿಂದಲೋ ತಂದಿದ್ದು. ಲೈಸೆನ್ಸ್ ಇಲ್ಲ, ಆದರೆ ಗೇಟಿನ ಹೊರಗೆ ಯಾವತ್ತೂ ಒಯ್ಯುವುದಿಲ್ಲ. ಅದರಲ್ಲಿ ಗುಂಡೂ ಇಲ್ಲ.”

ಕಂಪನಿಯ ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. ಅವನು ಕೇರಳದವನು, ನಿಟ್ಟುಸಿರುಬಿಟ್ಟು ಹಿಂದಿಯಲ್ಲಿ ಹೇಳಿದ. “ಅವರ ಮನೆ, ಅವರ ವಿಷಯ. ಬೇರೆ ಮನೆ ಸದ್ಯಕ್ಕಿಲ್ಲ, ಸಿಸ್ಟರ್.” ಬೇರೆ ಮನೆ ಇಲ್ಲ ಎಂದರೆ ಕೆಲಸವಿಲ್ಲ, ಕೆಲಸವಿಲ್ಲ ಎಂದರೆ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಇಲ್ಲ. ಇಕಾಮಾ ಇಲ್ಲದವರಿಗೆ ಈ ದೇಶದಲ್ಲಿ ನಿಲ್ಲಲು ಜಾಗವಿಲ್ಲ. ಹೋಗುತ್ತಲೇ ಇದ್ದೆ.

ನಿಜ ಹೇಳಬೇಕೆಂದರೆ, ಅಭ್ಯಾಸವೂ ಆಯಿತು. ಬಿಪಿ ನೋಡುವಾಗ ಪಿಸ್ತೂಲಿಲ್ಲದ ಕಡೆಯ ತೋಳಿಗೆ ಪಟ್ಟಿ ಕಟ್ಟುತ್ತಿದ್ದೆ, ಅಷ್ಟೇ. ಬಿಸಿಲು ಇಳಿದ ಮೇಲೆ ಬಾಬಾ ಅಂಗಳದ ಖರ್ಜೂರದ ಮರಗಳ ಕೆಳಗೆ ಕಾಂಪೌಂಡಿನ ಗೋಡೆಗುಂಟ ಒಂದು ಸುತ್ತು ಹಾಕುವರು. ಒಂದು ಕೈ ನನ್ನ ಭುಜದ ಮೇಲೆ, ಇನ್ನೊಂದು ಜೇಬಿನಲ್ಲಿ. ಆಗ ಅವರ ಮುಖದಲ್ಲಿ ನೆಮ್ಮದಿ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಧೂಳಿನ ಗಾಳಿ ಎದ್ದಿತ್ತು. ಔಷಧಿ ಅಂಗಡಿಗೆ ಹೋಗಿದ್ದವಳು ಮೂಗು ಬಾಯಿಗೆ ದುಪಟ್ಟಾ ಸುತ್ತಿಕೊಂಡು ಹಿಂದಿನ ಬಾಗಿಲಿನಿಂದ ಒಳಗೆ ಬಂದೆ. ಬಾಬಾ ಅಡುಗೆಮನೆಯಲ್ಲಿ ನಿಂತಿದ್ದರು. ಪಿಸ್ತೂಲು ನೇರ ನನ್ನ ಎದೆಗೆ.

“ನಿಲ್ಲು! ಇದು ನನ್ನ ಮನೆ!”

ಔಷಧಿಯ ಚೀಲ ಕೈಯಿಂದ ಜಾರಿತು. ದುಪಟ್ಟಾ ಎಳೆಯಬೇಕೆಂದು ಹೊಳೆದರೂ ಕೈ ಏಳಲಿಲ್ಲ. ಬಾಯಿಯಿಂದ ಬಂದದ್ದು ತುಳು, ನನ್ನ ಅಮ್ಮನನ್ನು ಕರೆದಿರಬೇಕು. ಆಮೇಲೆ ಅರಬ್ಬಿ ಬಂತು. “ಬಾಬಾ, ನಾನು ಸಿಸ್ಟರ್. ನಿಮ್ಮ ಕಾಲಿನ ಸಿಸ್ಟರ್.”

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಕೈ ಕೆಳಗಿಳಿಯಿತು. “ಬಾಗಿಲು ತಟ್ಟಿ ಬರಬೇಕು,” ಎಂದು ಗದರಿ, ಪಿಸ್ತೂಲು ಜೇಬಿಗಿಳಿಸಿ, ಚಹಾ ಕೇಳಿದರು. ನಾನು ಚಹಾ ಮಾಡಿಕೊಟ್ಟೆ. ಬೇರೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ.

ಮನೆಗೆ ಬಂದು ಹೇಳಿದಾಗ ಗಂಡ ಊಟದ ತಟ್ಟೆ ದೂರ ಸರಿಸಿದರು. “ಇನ್ನು ಆ ಮನೆಗೆ ಹೋಗುವುದು ಬೇಡ ಮಾರಾಯ್ತಿ. ಕೆಲಸ ಹೋದರೆ ಹೋಗಲಿ.” ನನ್ನ ಮಗಳು ಮೊಬೈಲಿನಿಂದ ತಲೆಯೆತ್ತಿ, “ಅಮ್ಮಾ, ಜಸ್ಟ್ ಕ್ವಿಟ್,” ಎಂದಳು. ಇಬ್ಬರೂ ಹೇಳಿದ್ದು ಸರಿ. ನನಗೆ ಮಾತ್ರ ಮಲಗಿದರೆ ಸಾಕಾಗಿತ್ತು.

ಬೆಳಿಗ್ಗೆ ವ್ಯಾನಿನಿಂದಿಳಿದವಳು ಒಳಗೆ ಹೋಗದೆ ಗೇಟಿನ ಹೊರಗೇ ನಿಂತೆ. ಬಾಬಾನ ಮಗಳು ಕಾಲೇಜಿಗೆ ಹೊರಟಿದ್ದಳು. ನಡೆದದ್ದನ್ನು ಹೇಳಿ, “ಅದು ಒಳಗಿದ್ದರೆ ನಾನು ಹೊರಗೆ, ಮ್ಯಾಡಂ,” ಎಂದೆ. ಆಕೆ ಕಾರಿನ ಬಾಗಿಲು ತೆರೆದವಳು ಹಾಗೆಯೇ ಮುಚ್ಚಿದಳು. ಲೈಸೆನ್ಸಿಲ್ಲದ ಆಯುಧಗಳನ್ನು ತಾವಾಗಿಯೇ ತಂದೊಪ್ಪಿಸುವವರಿಗೆ ಶಿಕ್ಷೆಯಿಲ್ಲ ಎಂದು ಸರ್ಕಾರ ಸಾರಿದ್ದ ಸಮಯ ಅದು. ಅಂದು ಆಕೆ ಕಾಲೇಜಿಗೆ ಹೋಗಲಿಲ್ಲ.

ಅಪ್ಪ ಮಗಳ ಜಗಳ ಕಿಟಕಿಯಿಂದ ಕೇಳುತ್ತಿತ್ತು. ನನ್ನ ಅರಬ್ಬಿಗೆ ಸಿಕ್ಕಿದಷ್ಟು ಹೇಳುತ್ತೇನೆ.

“ನನ್ನ ನೆಲದಲ್ಲಿ ಇಟ್ಟುಕೊಳ್ಳಲು ಯಾರ ಅನುಮತಿ?”

“ಕಾನೂನು ಗೋಡೆಯ ಒಳಗೂ ಬರುತ್ತದೆ, ಅಪ್ಪಾ.”

“ಆಗ ಬಂದಿತ್ತೇ ನಿನ್ನ ಕಾನೂನು? ಈ ಗೋಡೆಯ ಹತ್ತಿರ ನಿಂತವನು ನಾನು. ನೀನು ನಿನ್ನ ಅಮ್ಮನ ತೊಡೆಯ ಮೇಲೆ ಮಲಗಿದ್ದೆ.”

ಮಗಳ ಅಳು ಕೇಳಿಸಿತು. ಮಧ್ಯಾಹ್ನದ ನಮಾಜಿನ ನಂತರ ಬಾಬಾ ಹೊರಗೆ ಬಂದರು. ಇಸ್ತ್ರಿ ಮಾಡಿದ ನಿಲುವಂಗಿ, ಹೆಗಲ ಮೇಲೆ ಮದುವೆಗೆ ಹೊದೆಯುವ ತೆಳು ಜರಿಯ ಮೇಲಂಗಿ. ಯಾರ ಕೈಯನ್ನೂ ಹಿಡಿಯದೆ ಕಾರು ಹತ್ತಿದರು. ಹಿಂದಿನ ಸೀಟಿನಲ್ಲಿ ನಾನೂ ಕೂತೆ. ಪಿಸ್ತೂಲು ಹಿಂದಿನ ಡಿಕ್ಕಿಯಲ್ಲಿತ್ತು.

ಪೊಲೀಸ್ ಠಾಣೆಯಲ್ಲಿ ಅಧಿಕಾರಿ ಎದ್ದು ನಿಂತು ಅವರನ್ನು ‘ಅಮ್ಮಿ’ ಎಂದು ಕರೆದ, ಎಂದರೆ ಚಿಕ್ಕಪ್ಪ. ಕುರ್ಚಿ ಹಾಕಿಸಿದ. ಪಿಸ್ತೂಲನ್ನು ಗೋಡೆಯ ಕಡೆ ತಿರುಗಿಸಿ ಹಿಡಿಯ ಒಳಗಿನದ್ದನ್ನು ಹೊರಗೆಳೆದ. ಅದರ ತುಂಬ ಗುಂಡುಗಳು. ಮಗಳು ನನ್ನತ್ತ ತಿರುಗಿದಳು. ಏನನ್ನೋ ಹೇಳಲು ಹೊರಟವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಖಲಾಸ್, ಅಮ್ಮಿ,” ಎಂದ ಅಧಿಕಾರಿ. ಬಾಬಾ ಸಲಾಂ ಹೇಳಿ ಎದ್ದರು.

ಮುಗಿಯಿತು ಎಂದುಕೊಂಡೆ. ಎರಡೇ ದಿನಕ್ಕೆ ಬಾಬಾ ಠಾಣೆಗೆ ಹೋದದ್ದನ್ನು ಮರೆತರು, ಪಿಸ್ತೂಲನ್ನು ಮರೆಯಲಿಲ್ಲ. ದಿನಾ ಬೆಳಿಗ್ಗೆ ನನ್ನನ್ನು ಕಂಡೊಡನೆ, “ಹರಾಮಿ! ಎಲ್ಲಿಟ್ಟಿದ್ದೀ ಕಳ್ಳಿ?” ಮಗಳು ವಿವರಿಸುವಳು, ನಾನು ವಿವರಿಸುವೆ, ಅವರು ತಲೆಯಾಡಿಸುವರು. ಮರುದಿನ ಮತ್ತೆ ಅದೇ. ಕಳ್ಳಿ ಎಂದು ಬೈಯುವವರ ಕಾಲಿನ ಕೀವು ಒರೆಸುವುದು ಕಷ್ಟವಲ್ಲ, ಕೈ ತನ್ನಷ್ಟಕ್ಕೆ ಮಾಡುತ್ತದೆ. ಒಂದು ವರ್ಷ ಹಾಗೆಯೇ ಕೇಳಿಸಿಕೊಳ್ಳುವುದು ಕಷ್ಟ. ಕೊನೆಕೊನೆಗೆ, “ಹೌದು ಬಾಬಾ, ನಾನೇ ತೆಗೆದೆ,” ಎನ್ನತೊಡಗಿದೆ. ಹಾಗೆಂದರೆ ಬೇಗ ಸುಮ್ಮನಾಗುತ್ತಿದ್ದರು.

ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ಆಸ್ಪತ್ರೆಗೆ ಹೋದ ಬಾಬಾ ಮನೆಗೆ ಮರಳಲಿಲ್ಲ. ಕಂಪನಿ ನನ್ನನ್ನು ಆಗಲೇ ಫರ್ವಾನಿಯಾದ ಇನ್ನೊಂದು ಮನೆಗೆ ಹಾಕಿತ್ತು. ಕೆಲಸ ಮುಗಿಸಿ, ಸಮವಸ್ತ್ರದಲ್ಲೇ, ಅವರ ಮನೆಯಲ್ಲಿ ಹೆಂಗಸರು ಕೂರುವ ಸಂತಾಪದ ಕೋಣೆಗೆ ಹೋದೆ. ಯಾರೋ ನಾನು ಯಾರೆಂದು ಕೇಳಿದರು.

“ಅಪ್ಪ ದಿನಾ ಜಗಳವಾಡುತ್ತಿದ್ದದ್ದು ಇವಳ ಹತ್ತಿರವೇ,” ಎಂದಳು ಮಗಳು. ನಗಲು ಹೋಗಿ ಅತ್ತಳು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಯಾರೋ ಕಾಫಿಯ ಸಣ್ಣ ಬಟ್ಟಲನ್ನು ಕೈಗಿಟ್ಟರು. ಆ ಮನೆಯಲ್ಲಿ ನಾನು ಸೋಫಾದ ಮೇಲೆ ಕೂತದ್ದು ಅದೇ ಮೊದಲು. ಬೆನ್ನು ಒರಗಿಸಿದೊಡನೆ ನಿದ್ದೆಗೆ ಕಣ್ಣು ಎಳೆಯತೊಡಗಿತು.