ತಟ್ಟೆಯಲ್ಲೇ ಉಳಿದ ಛಡಿ

ಮಾಸ್ತರರು ತಟ್ಟೆಯಲ್ಲಿದ್ದ ತೆಂಗಿನಕಾಯಿಯನ್ನೂ ಎಲೆ ಅಡಿಕೆಯನ್ನೂ ತೆಗೆದುಕೊಂಡರು. ಹುಣಸೆಯ ಛಡಿಯನ್ನು ಮಾತ್ರ ಮುಟ್ಟಲಿಲ್ಲ.

ಪ್ಲೇಗಿನ ಭಯಕ್ಕೆ ಬೈಲಹೊಂಗಲ ಬಿಟ್ಟು ನಾವು ಹೊಲದ ಜೋಪಡಿಯಲ್ಲಿದ್ದೆವು. ಸಾಲೆ ಮುಚ್ಚಿತ್ತು. ನನ್ನ ಇಬ್ಬರು ಮಕ್ಕಳು ಕಲಿತದ್ದನ್ನೆಲ್ಲ ಮರೆತು ಎಮ್ಮೆಗಳ ಹಿಂದೆ ಅಲೆಯುತ್ತಿದ್ದರು. ಹುಡುಕಿ ಹುಡುಕಿ ಕೊನೆಗೆ ಮುನವಳ್ಳಿ ಕಡೆಯ ಈ ತರುಣ ಮಾಸ್ತರರನ್ನು ಪಾಠ ಹೇಳಲು ಒಪ್ಪಿಸಿದ್ದೆ. ಮೊದಲ ದಿನ ಮಾಸ್ತರರಿಗೆ ಕಾಯಿಯ ಜೊತೆ ಛಡಿಯನ್ನೂ ಕೊಡುವುದು ನಮ್ಮ ಮನೆತನದ ಪದ್ಧತಿ. ನಾನು ಸಾಲೆಗೆ ಸೇರಿದಾಗಲೂ ಅವ್ವನೇ ಕೊಟ್ಟಿದ್ದಳು.

“ತಗೋರಿ ಮಾಸ್ತರ,” ಎಂದಳು ಅವ್ವ. “ಚರ್ಮ ನಿಮ್ದು, ಎಲುಬು ನಮ್ದು. ಪೆಟ್ಟು ಬೀಳಲಾರದ ವಿದ್ಯಾ ತಲಿಗೆ ಹತ್ತೂದಿಲ್ರಿ.”

ಮಾಸ್ತರರು ತಮ್ಮ ಬಲಗೈಯನ್ನು ಅವಳ ಮುಂದೆ ಚಾಚಿದರು. ನಡುವಿನ ಎರಡು ಬೆರಳು ಒಣಕಡ್ಡಿಯಂತೆ ಸೆಟೆದು ನಿಂತಿದ್ದವು. ಎಷ್ಟು ಪ್ರಯತ್ನಿಸಿದರೂ ಮಡಚಲು ಬರಲಿಲ್ಲ.

“ನಮ್ಮವ್ವನೂ ಹಿಂಗ ಛಡಿ ಕೊಟ್ಟಿದ್ಲ್ರೀ ಅವ್ವಾರ. ನಮ್ಮ ಮಾಸ್ತರ ಅದರಲೆ ಹೊಡದ ಪೆಟ್ಟಿಗೆ ಬೆರಳು ಹಿಂಗಾದ್ವು. ಆಮ್ಯಾಲ ಎಡಗೈಲೆ ಬರಿಯೂದು ಕಲ್ತೆ.”

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಬೇಡವೆಂದರೆ ಹೊರಟುಬಿಡಲು ಸಿದ್ಧರಾಗಿ ಅವರು ಬಾಗಿಲ ಹತ್ತಿರವೇ ನಿಂತಿದ್ದರು. ಅವ್ವ ತುಸು ಹೊತ್ತು ಆ ಕೈಯನ್ನೇ ನೋಡಿದಳು. ಆಮೇಲೆ ಛಡಿಯನ್ನು ಎರಡು ತುಂಡು ಮಾಡಿ ಒಲೆಗೆ ಹಾಕಿದಳು. “ಕುಂತ್ಕೋರಿ ಮಾಸ್ತರ, ಹುಡುಗರನ್ನ ಕರೀತೇನಿ,” ಎಂದು ಹೊರಗೆ ಹೋದಳು.

ಅಂದು ಸಂಜೆ ಊಟಕ್ಕೆ ಕುಳಿತಿದ್ದೆ. ರೊಟ್ಟಿ ನೀಡಲು ಬಂದ ಅವ್ವ ನನ್ನ ಬಲಗೈಯನ್ನು ಹಿಡಿದುಕೊಂಡಳು. ಇಬ್ಬರು ಮಕ್ಕಳ ತಂದೆಯಾದ ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ, ಬಿಡಿಸಿ ನೋಡಿದಳು.