ಮೂಗುಬೊಟ್ಟಿಗೆ ಚಾಚಿದ ಕೈ

ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಾಳೆ. ಬೆಳಿಗ್ಗೆ ಮಗುವಿಗೆ ನೀರು ಹಾಕಿ ಸಾಂಬ್ರಾಣಿ ಹಿಡಿದರೆ ಆ ಹೊಗೆ ಅರಸೀಕೆರೆಯ ನಮ್ಮ ಅಡುಗೆಮನೆಗೂ ಬರುತ್ತದೆ. ನೀವು ನಂಬುತ್ತೀರೋ ಇಲ್ಲವೋ, ಇವತ್ತು ಆ ವಾಸನೆಗೆ ಮೈಮರೆತು ಹಾಲು ಉಕ್ಕಿಸಿಬಿಟ್ಟೆ.

ನನ್ನ ಮಗಳು ಏಳನೇ ತಿಂಗಳಿಗೇ ಹುಟ್ಟಿದವಳು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಹಾಸನದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ, ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಸಿಕೊಂಡು ಮಲಗಿದ್ದಳು. ಮನೆಗೆ ಕಳಿಸುವಾಗ ಡಾಕ್ಟರು, "ಬೆಂಗಳೂರಲ್ಲಿ ಕಣ್ಣು ತೋರಿಸಿ, ತಡ ಮಾಡಬೇಡಿ" ಎಂದರು. ಕಣ್ಣಿನ ಹಿಂದಿನ ಪರದೆಗೆ ರಕ್ತನಾಳಗಳು ಪೂರ್ತಿ ಹಬ್ಬುವುದು ಬಸಿರಿನ ಕೊನೆಯ ತಿಂಗಳುಗಳಲ್ಲಂತೆ. ಬೇಗ ಹುಟ್ಟಿದ ಮಕ್ಕಳಲ್ಲಿ ಅವು ಅಡ್ಡಾದಿಡ್ಡಿ ಬೆಳೆದು ಪರದೆಯನ್ನೇ ಕಿತ್ತುಬಿಡಬಹುದಂತೆ. ಕಣ್ಣು ಹುಟ್ಟುವಾಗಲೇ ಸಿದ್ಧವಾಗಿರುತ್ತದೆ, ತೆರೆಯುವುದೊಂದೇ ಬಾಕಿ ಎಂದುಕೊಂಡಿದ್ದ ಬಿ.ಎಸ್ಸಿ. ಪದವೀಧರೆ ನಾನು!

ಹಳೇಬೀಡಿನ ತವರಿನಲ್ಲಿ ಅಮ್ಮ ಒಪ್ಪಲಿಲ್ಲ. "ಹಸಿ ಬಾಣಂತಿ, ಬೊಗಸೆಯಷ್ಟು ಕೂಸು, ಬೆಂಗಳೂರಿಗಾ? ಪಿಳಿಪಿಳಿ ಅಂತ ನೋಡ್ತಾ ಐತಲ್ಲೇ!"

"ಹೊರಗಿಂದ ಗೊತ್ತಾಗಲ್ವಂತೆ ಕಣಮ್ಮ. ತಡವಾದ್ರೆ ಏನೂ ಮಾಡಕ್ಕಾಗಲ್ವಂತೆ."

ಅಮ್ಮ ಮಗುವಿನ ಮುಖವನ್ನೇ ನೋಡುತ್ತಾ ಕೂತಳು. ಆಮೇಲೆ ಎದ್ದು ಬಂದು ನನ್ನ ಕಿವಿಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿದಳು. "ನಡಿ, ನಾನೂ ಬತ್ತೀನಿ."

"ಸರಿಯಾದ ಹೊತ್ತಿಗೆ ಬಂದಿರಿ" ಎಂದ ಬೆಂಗಳೂರಿನ ಕಣ್ಣಿನ ಡಾಕ್ಟರು ಅಂದೇ ಲೇಸರ್ ಮಾಡಿದರು. ಒಳಗೆ ಮಗು ಚೀರಿದಾಗ ನಾನು ಗೋಡೆಗೆ ಮುಖ ಮಾಡಿ ನಿಂತೆ. ಅಮ್ಮ ಬಾಗಿಲು ತಟ್ಟಿ ಗದರಿದಳು: "ಮೆಲ್ಲಗೆ ಕಣ್ರೀ! ಅದಿನ್ನೂ ಹೊಟ್ಟೇಲಿರಬೇಕಾದ ಕೂಸು!"

ಊರಿಗೆ ಬಂದ ಮೇಲೆ ಕಾಯುವುದೊಂದೇ ಉಳಿಯಿತು. ಗಿಲಕಿ ಆಡಿಸಿದರೆ ತಿರುಗುತ್ತಿದ್ದಳು. ಅದು ಕಿವಿಯ ಕೆಲಸವೋ, ಕಣ್ಣಿನದೋ? ನನ್ನ ಗಂಡ ಬಂದಾಗಲೆಲ್ಲ ಸದ್ದಿಲ್ಲದೆ ಕೆಂಪು ಟವೆಲು ಬೀಸುತ್ತಾ ತೊಟ್ಟಿಲ ಸುತ್ತ ಓಡಾಡುತ್ತಿದ್ದರು, ರೈಲು ನಿಲ್ಲಿಸುವವರ ಹಾಗೆ. ಮಗಳು ಆಕಳಿಸುತ್ತಿದ್ದಳು.

ಕೆಲವು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಅಮ್ಮ ಜಗಲಿಯ ಎಳೆಬಿಸಿಲಲ್ಲಿ ಅವಳನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಮಾತಿಲ್ಲ, ಸದ್ದಿಲ್ಲ. ಅಮ್ಮನ ಮೂಗುಬೊಟ್ಟು ಬಿಸಿಲಿಗೆ ಮಿಂಚಿತು. ಪುಟ್ಟ ಕೈ ಮೇಲೆದ್ದು, ಕ್ಷಣ ತಡವರಿಸಿ, ನೆಟ್ಟಗೆ ಹೋಗಿ ಅದನ್ನೇ ಹಿಡಿದು ಎಳೆಯಿತು.

"ಅಯ್ಯಯ್ಯೋ!" ಅಮ್ಮನ ಕಣ್ಣಲ್ಲಿ ನೀರು. ಬಿಡಿಸಲು ಹೋದರೆ ನನ್ನ ಕೈಯನ್ನೇ ತಳ್ಳಿದಳು. "ಬಿಡೇ! ಎಳೀಲಿ! ಕಾಣ್ತೈತೆ ಕಣೇ ಇವಳಿಗೆ!"

ಅವತ್ತು ಬೀದಿಗೆಲ್ಲ ಪಾಯಸ. ಅಮ್ಮ ಊದಿದ ಮೂಗನ್ನು ಮನೆಮನೆಗೂ ತೋರಿಸಿ ಬಂದಳು.

ಮಗಳಿಗೀಗ ದಪ್ಪ ಕನ್ನಡಕ. ಅವಳು ಏನೇ ಕೈಗೆತ್ತಿಕೊಳ್ಳಲಿ, "ಕಾಣ್ತಾ?" ಎಂದು ಕೇಳುವುದು ನನಗೆ ಚಟವೇ ಆಗಿಹೋಗಿತ್ತು. ಇವತ್ತು ಮಧ್ಯಾಹ್ನ ರವಿಕೆಗೆ ಹುಕ್ಕು ಹಾಕಲು ಕೂತು ದಾರದ ಜೊತೆ ಗುದ್ದಾಡುತ್ತಿದ್ದೆ.

"ಕೊಡಮ್ಮ, ನಿಂಗೆಲ್ಲಿ ಕಾಣತ್ತೆ" ಎಂದು ಸೂಜಿ ಕಿತ್ತುಕೊಂಡವಳು ಒಂದೇ ಸಲಕ್ಕೆ ಪೋಣಿಸಿ ಕೊಟ್ಟಳು.

"ಕಾಣ್ತಾ?" ಎಂದು ನಾನು ಕೇಳಲಿಲ್ಲ. ಇನ್ನು ಕೇಳುವುದೂ ಇಲ್ಲ.